ಬಾವುಟಗುಡ್ಡೆಯ ಪ್ರಾರ್ಥನಾಲಯ: ಕುಂಚವನ್ನೇ ಕಾಣಿಕೆಯಾಗಿ ಕೊಟ್ಟವರ ಕೆಲಸ

ಮಗಳು ತನ್ನ ಮೊದಲ ಸಂಬಳದ ಹತ್ತನೆಯ ಒಂದು ಪಾಲನ್ನು ಲಕೋಟೆಯಲ್ಲಿಟ್ಟು ನಮ್ಮ ಇಗರ್ಜಿಯಲ್ಲಿ ಅರ್ಪಿಸಿ ಹೊರಬಂದಾಗ, “ಇಷ್ಟು ಕೊಟ್ಟರೆ ದೇವರ ಪಾಲು ಸಂದಾಯವಾಯಿತೇ, ಅಮ್ಮಾ?” ಎಂದು ಕೇಳಿದಳು. ಮಾತಿನಲ್ಲಿ ಉತ್ತರಿಸಲು ತೋಚದೆ, ಮರುವಾರ ಅವಳನ್ನು ಮಂಗಳೂರಿನ ಬಾವುಟಗುಡ್ಡೆಯಲ್ಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿನ ಚಿತ್ರಗಳನ್ನು ನೋಡಲು ಹೋಗುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಹೊರಗೆ ನಿಂತರೆ ಒಳಗಿನ ಸಂಪತ್ತಿನ ಸುಳಿವು ಸಿಗುವುದಿಲ್ಲ. ಬಾಗಿಲು ದಾಟಿದ ಮೇಲೆ ಗೋಡೆಯಿಂದ ಛಾವಣಿಯವರೆಗೆ ಬಣ್ಣ ಕಾಣದ ಜಾಗವನ್ನು ಹುಡುಕಬೇಕಾಗುತ್ತದೆ. ಇಷ್ಟನ್ನೂ ಬರೆದವರು ಬ್ರದರ್ ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಪಟ್ಟಣದ ಸಮೀಪ ಹುಟ್ಟಿ, ಅಲ್ಲಿನ ಕರಾರಾ ಕಲಾಶಾಲೆಯಲ್ಲಿ ಕಲಿತು, ಚಿತ್ರಕಾರರಾಗಿ ಮುಂದೆ ಬರುತ್ತಿದ್ದ ಅವರು 1889ರಲ್ಲಿ ಎಲ್ಲವನ್ನೂ ಬಿಟ್ಟು ಯೇಸುಸಭೆಗೆ, ಅಂದರೆ ಜೆಸ್ವಿಟ್ ಸಂನ್ಯಾಸಿಗಳ ಸಭೆಗೆ, ಸೇರಿದರು. ಬಿಟ್ಟುಬಂದ ಕುಂಚವನ್ನೇ ಸಭೆ ಅವರ ಕೈಗೆ ಮತ್ತೆ ಕೊಟ್ಟಿತು. ಆದರೆ ಇನ್ನು ಮುಂದೆ ಆ ಕೆಲಸದ ಹೆಸರು, ಸಂಪಾದನೆ ಯಾವುದೂ ಅವರದಾಗಿರಲಿಲ್ಲ. 1899ರಲ್ಲಿ ಮಂಗಳೂರಿಗೆ ಬಂದು, ಎರಡು ವರ್ಷಗಳಿಗೂ ಮೀರಿ ಇಲ್ಲಿ ದುಡಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಛಾವಣಿಯ ಚಿತ್ರಗಳು ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣದಲ್ಲಿವೆ, ಗೋಡೆಯ ಚಿತ್ರಗಳು ಹಸಿಗಾರೆಯ ಮೇಲಿವೆ. ಹಸಿಗಾರೆಯ ಕೆಲಸದ ಕಷ್ಟವನ್ನು ಅರಿತು ನೋಡಿದರೆ ಗೌರವ ಇಮ್ಮಡಿಯಾಗುತ್ತದೆ. ಆ ದಿನ ಮುಗಿಸಬಹುದಾದಷ್ಟೇ ಜಾಗಕ್ಕೆ ಸುಣ್ಣದ ಗಾರೆ ಬಳಿದು, ಅದು ಆರುವುದರೊಳಗೆ ಬಣ್ಣ ಹಚ್ಚಬೇಕು; ಕೈ ತಪ್ಪಿದರೆ ಅಷ್ಟು ಗಾರೆಯನ್ನು ಕೆತ್ತಿ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಕರಾವಳಿಯ ಮಳೆಗಾಲವನ್ನು ಬಲ್ಲವರಿಗೆ ಈ ಶ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಛಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನವಿದೆ. ಆಳುವ ಮನೆತನವೊಂದರ ಹಿರಿಯ ಮಗನಾಗಿ 1568ರಲ್ಲಿ ಹುಟ್ಟಿದ ಅವರು, ಆಸ್ತಿ ಮತ್ತು ಆಳ್ವಿಕೆಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸಂನ್ಯಾಸಕ್ಕೆ ಹೋದರು. ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಲೇ ಸೋಂಕು ತಗಲಿ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ, ತೀರಿಕೊಂಡರು. ಸ್ವತಃ ಬಿಟ್ಟುಬಂದವರೊಬ್ಬರು, ಬಿಟ್ಟುಕೊಟ್ಟ ಇನ್ನೊಬ್ಬರ ಕಥೆಯನ್ನು ಬರೆದಿದ್ದಾರೆ ಎಂಬುದೇ ನನ್ನನ್ನು ಪ್ರತಿ ಸಲವೂ ಇಲ್ಲಿಗೆ ಎಳೆದು ತರುತ್ತದೆ. ಹಿಂಬದಿಯ ಗೋಡೆಯಲ್ಲಿ ಯೇಸುಸ್ವಾಮಿಯ ಜೀವನದ ದೃಶ್ಯಗಳಿವೆ. ಹೊರಡುವಾಗ ಅವನ್ನು ನೋಡದೆ ಬರಬೇಡಿ.

ಕನಿಷ್ಠ ಒಂದು ಗಂಟೆ ಇಟ್ಟುಕೊಂಡು ಹೋಗಿ, ನಡುವಿನ ಬೆಂಚಿನಲ್ಲಿ ಕುಳಿತು ತಲೆಯೆತ್ತಿ ನೋಡುವುದು ಒಳ್ಳೆಯದು. ಛಾವಣಿಯ ಮುಖಗಳು ದೂರವಿರುವುದರಿಂದ ದುರ್ಬೀನು ಇದ್ದರೆ ಪ್ರಯೋಜನವಾಗುತ್ತದೆ. ಇದು ಪೂಜೆ ನಡೆಯುವ ಸ್ಥಳವಾದ್ದರಿಂದ ಆ ಹೊತ್ತಿನಲ್ಲಿ ಸುತ್ತಾಡಬಾರದು. ಆವರಣದಲ್ಲೇ ಇರುವ ಅಲೋಶಿಯಂ ವಸ್ತುಸಂಗ್ರಹಾಲಯವನ್ನೂ ನೋಡಬಹುದು, ಆದರೆ ಸಮಯ ಕಡಿಮೆಯಿದ್ದರೆ ಅದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ನನ್ನ ಮಗಳು ಬಹಳ ಹೊತ್ತು ಒಂದು ಕಂಬದ ಮುಂದೆ ನಿಂತಿದ್ದಳು. ಕಲ್ಲಿನಲ್ಲಿ ಕಡೆದಂತೆ ಕಾಣುವ ಅಂಚಿನ ಪಕ್ಕದಲ್ಲಿ ಒಂದು ತೆಳು ನೆರಳಿತ್ತು. ಕಿಟಕಿಯ ಬಿಸಿಲು ನೆಲದ ಮೇಲೆ ಸರಿದರೂ ಆ ನೆರಳು ಸರಿಯಲಿಲ್ಲ. ಅದೂ ಬಣ್ಣವೇ ಎಂದು ಆಗ ಅವಳಿಗೆ ತಿಳಿಯಿತು. ಯಾರೂ ನಿಂತು ಗಮನಿಸದ ಮೂಲೆಯ ಆ ನೆರಳಿಗೂ ಬಲಿಪೀಠದ ಹತ್ತಿರದ ಮುಖಗಳಿಗೆ ಕೊಟ್ಟಷ್ಟೇ ಜತನವನ್ನು ಮೊಸ್ಕೇನಿ ಕೊಟ್ಟಿದ್ದಾರೆ.

ಅವಳು ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಗುಡ್ಡೆಯಿಂದ ಇಳಿಯುವಾಗ, ನಮ್ಮ ಇಗರ್ಜಿಯ ಲೆಕ್ಕವನ್ನು ಆ ವಯಸ್ಸಾದ ಅಂಕಲ್ ಈಗಲೂ ಒಬ್ಬರೇ ಕೈಯಲ್ಲಿ ಬರೆಯುತ್ತಾರೆಯೇ, ಭಾನುವಾರ ಪೂಜೆಯಾದ ಮೇಲೆ ಎಷ್ಟು ಹೊತ್ತಿನವರೆಗೆ ಇರುತ್ತಾರೆ ಎಂದು ಕೇಳಿದಳು.