ಪ್ಲೇಟು, ಸೀಡಿ, ಫೈಲು: ಬ್ಯೋರ್ಕ್‌ಳ 'ವೆಸ್ಪರ್ಟೈನ್' ಯಾವುದರಲ್ಲಿ ಕೇಳಬೇಕು?

ಮೊದಲೇ ಹೇಳಿಬಿಡ್ತೀನಿ, ನನ್ನ ವೋಟು ದುಡ್ಡು ಕೊಟ್ಟು ಇಳಿಸಿಕೊಂಡ ಫೈಲಿಗೆ. ಮೂರು ಸಾವಿರಕ್ಕೂ ಜಾಸ್ತಿ ಸುರಿದು ಪ್ಲೇಟು, ಅಂದರೆ ಗ್ರಾಮಫೋನ್ ಥರದ ವಿನೈಲ್ ರೆಕಾರ್ಡು, ತರಿಸಿದ ಮೇಲೆ ಬಂದ ಬುದ್ಧಿ ಇದು.

ಆಲ್ಬಂ ಬಂದದ್ದು 2001ರ ಆಗಸ್ಟ್‌ನಲ್ಲಿ. ಐಸ್‌ಲ್ಯಾಂಡಿನ ಗಾಯಕಿ ಬ್ಯೋರ್ಕ್ ಆಗ ಕಲಾವಿದ ಮ್ಯಾಥ್ಯೂ ಬಾರ್ನಿಯನ್ನು ಪ್ರೀತಿಸುತ್ತಿದ್ದಳು. 12 ಹಾಡುಗಳಲ್ಲೂ ಕದ ಹಾಕಿಕೊಂಡ ಮನೆಯೊಳಗಿನ ಗುಸುಗುಸು. ಡ್ರಮ್ ಇರಬೇಕಾದ ಕಡೆ ಇಸ್ಪೀಟೆಲೆ ಕಲಸುವ, ಐಸ್ ಒಡೆಯುವಂಥ ಸದ್ದುಗಳನ್ನು ಚೂರು ಚೂರು ಮಾಡಿ ಪೋಣಿಸಿದ್ದಾರೆ.

ನನಗೆ ತಲೆನೋವಾದದ್ದೇ ಆ ಚೂರುಗಳು. ಪ್ಲೇಟಿನ ಮೇಲೆ ಮುಳ್ಳು ಇಟ್ಟೆ. ಎರಡನೇ ಹಾಡು 'ಕಕೂನ್' ಶುರುವಾಯಿತು. ಚಟ್, ಚಟ್, ಸರ್ರ್. ಅಯ್ಯೋ, ಧೂಳು ಅಂದುಕೊಂಡೆ. ಬಟ್ಟೆಯಲ್ಲಿ ಒರೆಸಿದೆ. ಬ್ರಷ್ ಆಡಿಸಿದೆ. ಮುಳ್ಳನ್ನೇ ಬದಲಾಯಿಸಿದೆ, ಅದಕ್ಕೆ ಬೇರೆ ಖರ್ಚು. ಚಟ್ ಚಟ್ ನಿಲ್ಲಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ಸೀಲ್ ಒಡೆದ ಮೇಲೆ ವಾಪಸ್ ಇಲ್ಲ" ಎಂದರು. ಎರಡು ದಿನ ಮುಖ ಊದಿಸಿಕೊಂಡಿದ್ದೆ.

ಮೂರನೇ ದಿನ ಫೈಲ್ ಕೊಂಡು ಅದೇ ಹಾಡು ಹಾಕಿದೆ. ಅಲ್ಲೂ ಅದೇ ಚಟ್ ಚಟ್! ಡೆನ್ಮಾರ್ಕಿನ ಸಂಗೀತಗಾರ ಥಾಮಸ್ ಕ್ನಾಕ್ ಕೂರಿಸಿದ ತಾಳವಂತೆ ಅದು. ಹಾಗಂತ ನನ್ನ ಪ್ಲೇಟು ಪೂರ್ತಿ ಸಾಚಾ ಅಂತಲೂ ಅಲ್ಲ. ಅದರದ್ದೇ ಒಂದಷ್ಟು ಕರಕರ ಇದೆ. ಯಾವುದು ಹಾಡಿನದು, ಯಾವುದು ಧೂಳಿನದು ಅಂತ ಕಿವಿ ಚೂಪು ಮಾಡಿ ಕೂತರೆ ಪ್ರೇಮಗೀತೆ ಎಲ್ಲಿ ಕೇಳಿಸುತ್ತೆ ಹೇಳಿ. ಜೊತೆಗೆ ಎರಡು ಪ್ಲೇಟಿನ ಸೆಟ್, 55 ನಿಮಿಷದಲ್ಲಿ ಮೂರು ಸಲ ಎದ್ದು ತಿರುಗಿಸಬೇಕು.

ಸೀಡಿ ಚೆನ್ನಾಗಿದೆ. ಹಾಕಲು ಮನೆಯಲ್ಲಿ ಡ್ರೈವ್ ಇಲ್ಲ.

ಸ್ಟ್ರೀಮಿಂಗ್ ಸುಲಭ. ಆದರೆ ನಾನು ತಿಂಗಳ ಚಂದಾ ಕಟ್ಟೋನಲ್ಲ. ಪಿಸುಮಾತು ಮುಗಿಯುವ ಮೊದಲೇ ಜಾಹೀರಾತು ಕಿರುಚುತ್ತೆ.

ಫೈಲಿನ ಮಜಾ ಬೇರೆ. ಆಲ್ಬಂ ಮಾಡುವಾಗ ಜನ ಇಂಟರ್ನೆಟ್ಟಿನಿಂದ ಹಾಡು ಇಳಿಸಿಕೊಂಡು ಕಂಪ್ಯೂಟರಿನಲ್ಲಿ ಕೇಳಲು ಶುರು ಮಾಡಿದ್ದ ಕಾಲ. ಅಲ್ಲೂ ಸದ್ದು ಕೆಡಬಾರದು ಅಂತಲೇ ಬ್ಯೋರ್ಕ್ ತಂತಿವಾದ್ಯ ಹಾರ್ಪ್, ಗಂಟೆಯ ಹಾಗೆ ನುಡಿಯುವ ಪಿಯಾನೊದಂಥ ಸೆಲೆಸ್ಟಾ, ಮ್ಯೂಸಿಕ್ ಬಾಕ್ಸ್‌ಗಳನ್ನು ಆರಿಸಿಕೊಂಡಳು. ಮ್ಯೂಸಿಕ್ ಬಾಕ್ಸನ್ನಂತೂ ಮರದ ಬದಲು ಗಾಜಿನಂಥ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿದಳು, ಸದ್ದು ಮಂಜುಗಡ್ಡೆಯ ಹಾಗೆ ಗಟ್ಟಿಯಾಗಿರಲಿ ಅಂತ. ನನ್ನ ಹಳೇ ಲ್ಯಾಪ್‌ಟಾಪಿನ ಬಡಕಲು ಸ್ಪೀಕರಿನಲ್ಲೂ ಅದು ಟಿಣ್ ಟಿಣ್ ಅಂತ ಕೇಳುತ್ತೆ. ಪ್ಲೇಟಿನ ಕಾಲು ಭಾಗವೂ ಖರ್ಚಾಗಲಿಲ್ಲ.

ಮನೇಲಿ ಒಳ್ಳೇ ಸ್ಪೀಕರ್, ಸಹನೆ, ಧೂಳಿಲ್ಲದ ಕೋಣೆ ಇದ್ದರೆ ಪ್ಲೇಟು ತಗೊಳ್ಳಿ. ನನ್ನ ಹಾಗೆ ರಾತ್ರಿ ಊಟ ಆದ ಮೇಲೆ ಒರಗಿಕೊಂಡು ಕೇಳೋರಾದರೆ ಫೈಲು, ಒಂದು ಸಾಧಾರಣ ಇಯರ್‌ಫೋನು ಸಾಕು. ಫ್ಯಾನ್ ಮಾತ್ರ ಆರಿಸಬೇಕು. ಡಿಸೆಂಬರ್‌ನಲ್ಲಿ ಪರವಾಗಿಲ್ಲ, ಏಪ್ರಿಲ್‌ನಲ್ಲಿ ಐದನೇ ಹಾಡಿನ ಹೊತ್ತಿಗೆ ಬನಿಯನ್ ಒದ್ದೆ.