ಕಾಫಿ ತೋಟದ ನೆರಳಿಗೆ ಸಿಲ್ವರ್ ಓಕ್ ಮೇಲೋ, ಕಾಡುಮರ ಮೇಲೋ?

ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹೊಸದಾಗಿ ನೆರಳಿನ ಮರ ನೆಡುವವರು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕಡೆಗೆ ವಾಲುವುದಕ್ಕೆ ಕಾರಣವಿದೆ: ಬೇಗ ಬೆಳೆಯುತ್ತದೆ, ನೇರ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬುತ್ತದೆ, ಕಡಿದು ಮಾರುವುದೂ ಸುಲಭ.

ಕಾಡುಮರಗಳಲ್ಲಿ ಹೆಚ್ಚಿನವು ನಿಧಾನ. ಆದರೆ ಅತ್ತಿಯ ಹಣ್ಣಿಗೆ ಹಕ್ಕಿ, ಬಾವಲಿಗಳು ಬರುತ್ತವೆ. ಹಾಲುವಾಣದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೊಡುತ್ತವೆ. ಎತ್ತರದ ಹಳೆಯ ಮರಗಳಲ್ಲಿ ಹೆಜ್ಜೇನು ಗೂಡು ಕಟ್ಟುತ್ತದೆ. ರೊಬಸ್ಟಾ ಜಾತಿಯ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಚ್ಚುವುದಿಲ್ಲ; ಬೇರೆ ಗಿಡದ ಪರಾಗ ಬೇಕು, ಅದನ್ನು ಗಾಳಿಯ ಜೊತೆಗೆ ಜೇನೂ ತರುತ್ತದೆ. ಈ ಲಾಭ ಮರದ ಬೆಲೆಯ ಲೆಕ್ಕದಲ್ಲಿ ಸೇರುವುದೇ ಇಲ್ಲ ಎಂಬುದು ನನ್ನ ನೋವು.

ಆದಾಯದ ಒತ್ತಡವಿದ್ದರೆ ಬೇಲಿಯಂಚಿಗೆ ಸಿಲ್ವರ್ ಓಕ್ ಇರಲಿ. ಒಳತೋಟಕ್ಕೆ ಹಲಸು, ನಂದಿ, ಹಾಲುವಾಣಗಳನ್ನು ಬೆರೆಸಿ ನೆಡಿ. ಈಗಾಗಲೇ ನಿಂತಿರುವ ಅತ್ತಿಯನ್ನಂತೂ ಕಡಿಯಬೇಡಿ.