ಸಿಂಗಪುರಕ್ಕೆ ಕಂಪನಿ: ಆನ್‌ಲೈನ್ ಪ್ಯಾಕೇಜಾ, ದೊಡ್ಡ ಲಾ ಫರ್ಮಾ, ಮಲ್ಲೇಶ್ವರದ ಸಿಎಸ್ ಮೇಡಮ್ಮಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮಲ್ಲೇಶ್ವರದ ಸಿಎಸ್ ಮೇಡಂಗೆ, ಅಂದರೆ ಕಂಪನಿಗಳ ಕಾನೂನು ಕಾಗದಪತ್ರ ನೋಡಿಕೊಳ್ಳುವ ಕಂಪನಿ ಸೆಕ್ರೆಟರಿಗೆ. ಉಳಿದ ಎರಡು ಕಡೆ ದುಡ್ಡು ಸುರಿದ ಮೇಲೆ ಬಂದ ಬುದ್ಧಿ ಇದು. ಹಾಗಾಗಿ ತಕ್ಕಡಿ ಹಿಡಿದು ಬರೆದಿದ್ದೇನೆ ಅಂದುಕೊಳ್ಳಬೇಡಿ.

ನಮ್ಮದು ಪೀಣ್ಯದಲ್ಲಿ ಸಣ್ಣ ಕಾರ್ಖಾನೆ. ಮಸಾಲೆ ಪುಡಿ, ಕಾಫಿ ಪುಡಿ ತುಂಬುವ ಪ್ಯಾಕಿಂಗ್ ಮಷಿನ್ ಮಾಡುತ್ತೇವೆ. ನಾನು, ನನ್ನ ತಮ್ಮ, 14 ಜನ ಕೆಲಸದವರು. ಸಿಂಗಪುರದ ಒಬ್ಬ ಗಿರಾಕಿ ನಮ್ಮಿಂದ ನಾಲ್ಕು ಮಷಿನ್ ತಗೊಂಡಿದ್ದರು. ಐದನೆಯದರ ಮಾತು ಬಂದಾಗ ಒಂದು ಷರತ್ತು ಹಾಕಿದರು. ಸ್ಪೇರ್ ಪಾರ್ಟ್ಸ್ ಮತ್ತು ಸರ್ವಿಸ್‌ಗೆ ಅಲ್ಲೇ ನಿಮ್ಮದೊಂದು ಕಂಪನಿ ಇರಲಿ, ಬಿಲ್ಲೂ ಅಲ್ಲಿಯದೇ ಬೇಕು ಅಂತ. ಲಾಯರ್ ಹತ್ತಿರ ಹೋಗೋಣ ಅಂತ ನಾನು. ಅಷ್ಟರಲ್ಲಿ ತಮ್ಮ ಫೋನ್ ತೆಗೆದು ಒಂದು ಆನ್‌ಲೈನ್ ಪ್ಯಾಕೇಜ್ ತೋರಿಸಿದ, ಎಲ್ಲಾ ಸೇರಿ ಸುಮಾರು 60 ಸಾವಿರ, ಮೂರು ದಿನದಲ್ಲಿ ಕಂಪನಿ ರೆಡಿ.

ರೆಡಿ ಆಗಿದ್ದು ಎರಡೇ ದಿನದಲ್ಲಿ. ಅದನ್ನು ಒಪ್ಪಬೇಕು. ಹೊರದೇಶದವರು ಅಲ್ಲಿನ ನೋಂದಣಿ ಕಚೇರಿ ಅಕ್ರಾಗೆ ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ, ನೋಂದಾಯಿತ ಏಜೆಂಟರ ಮೂಲಕವೇ ಹೋಗಬೇಕು. ಆ ಕೆಲಸ ಪ್ಯಾಕೇಜಿನವರು ಚೊಕ್ಕವಾಗಿ ಮಾಡಿದರು. ನಾಮಿನಿ ಡೈರೆಕ್ಟರ್ ಖರ್ಚು ಮಾತ್ರ ಕೊನೇ ಪುಟದಲ್ಲಿ ಕಾಣಿಸಿಕೊಂಡಿತು. ಅಲ್ಲಿನ ಕಂಪನಿ ಕಾಯ್ದೆ ಪ್ರಕಾರ ಕನಿಷ್ಠ ಒಬ್ಬ ಡೈರೆಕ್ಟರ್ ಸಿಂಗಪುರದಲ್ಲೇ ವಾಸ ಇರುವವರಾಗಿರಬೇಕು. ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ. ಹಾಗಾಗಿ ಒಬ್ಬರನ್ನು ಬಾಡಿಗೆಗೆ ತಗೊಂಡ ಹಾಗೆ. ಅದಕ್ಕೆ ವರ್ಷಕ್ಕೆ ಪ್ಯಾಕೇಜಿನ ಎರಡರಷ್ಟು, ಮೇಲೆ ಠೇವಣಿ ಬೇರೆ.

ಅದು ದುಡ್ಡಿನ ಪೆಟ್ಟು, ತಡೆದುಕೊಳ್ಳಬಹುದು. ನಿಜವಾಗಿ ಸಿಕ್ಕಿಬಿದ್ದಿದ್ದು ಬೇರೆ ಕಡೆ.

ಅರ್ಜಿಯಲ್ಲಿ ಪೇಯ್ಡ್ ಅಪ್ ಕ್ಯಾಪಿಟಲ್, ಅಂದರೆ ಶೇರಿಗೆ ಕಟ್ಟಿದ ಬಂಡವಾಳ ಎಷ್ಟು ಅಂತ ಒಂದು ಡಬ್ಬಿ. ಅಲ್ಲಿ 1 ಡಾಲರ್ ಹಾಕಿದರೂ ಕಂಪನಿ ಹುಟ್ಟುತ್ತದೆ. ತಮ್ಮ 50,000 ಸಿಂಗಪುರ ಡಾಲರ್ ಅಂತ ಒತ್ತಿದ. ‘ದೊಡ್ಡದಿದ್ರೆ ಗಿರಾಕಿಗೆ ನಂಬಿಕೆ ಬರುತ್ತೆ ಕಣೋ’ ಅಂತ ಪಕ್ಕದಲ್ಲಿ ಕೂತು ಹೇಳಿದ್ದು ನಾನೇ. ದುಡ್ಡು ಇನ್ನೂ ಪೀಣ್ಯದ ಖಾತೆಯಲ್ಲೇ ಇತ್ತು, ಅಲ್ಲಿ ಬ್ಯಾಂಕ್ ಖಾತೆಯೇ ತೆರೆದಿರಲಿಲ್ಲ, ಆದರೂ ಅಕ್ರಾ ಕೊಟ್ಟ ಪ್ರೊಫೈಲ್ ಪಿಡಿಎಫ್‌ನಲ್ಲಿ 50,000 ಪಾವತಿ ಆಗಿದೆ ಅಂತ ಅಚ್ಚಾಗಿ ಬಂತು. ಚಾಟ್‌ನಲ್ಲಿ ಕೇಳಿದೆವು. ‘ಆಮೇಲೆ ಕಳಿಸಿ, ತೊಂದರೆ ಇಲ್ಲ’ ಅಂದರು. ಅವರ ಕಡೆಯಿಂದ ನೋಡಿದರೆ ತೊಂದರೆ ಇರಲಿಲ್ಲ. ತೊಂದರೆ ಇದ್ದಿದ್ದು ನಮ್ಮ ಕಡೆ.

ಮೂರು ವಾರದ ಮೇಲೆ ಅಲ್ಲಿನ ಖಾತೆ ತೆರೆಯಿತು. ದುಡ್ಡು ಕಳಿಸೋಣ ಅಂತ ಬ್ಯಾಂಕಿಗೆ ಹೋದೆ. ನಮ್ಮ ಬ್ರಾಂಚ್‌ನವರು ಫಾರೆಕ್ಸ್, ಅಂದರೆ ವಿದೇಶಿ ಹಣದ ವ್ಯವಹಾರ ನೋಡುವ ಬ್ರಾಂಚ್‌ಗೆ ಕಳಿಸಿದರು. ಅಲ್ಲಿನ ಆಫೀಸರ್ ಹುಡುಗಿ ಆ ಪಿಡಿಎಫ್ ಪ್ರಿಂಟ್ ಮೇಲೆ ಪೆನ್ಸಿಲ್‌ನಲ್ಲಿ ಒಂದು ಸುತ್ತು ಹಾಕಿ ಕೇಳಿದರು. ‘ಸಾರ್, ಇಲ್ಲಿ ಪೇಯ್ಡ್ ಅಂತ ಇದೆ. ನಮ್ಮ ಬ್ಯಾಂಕಿಂದ ಹೋಗಿಲ್ಲ. ಹಾಗಾದ್ರೆ ಕೊಟ್ಟಿದ್ದು ಯಾರು?’

ನನಗೆ ಉತ್ತರ ಗೊತ್ತಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ, ಅಷ್ಟೇ.

ವಿಷಯ ಏನು ಅಂದರೆ, 2022ರ ಆಗಸ್ಟ್ 22ರಿಂದ ಹೊರದೇಶದ ಹೂಡಿಕೆಗೆ ಹೊಸ ನಿಯಮ ಇದೆ. ಇಲ್ಲಿನ ಕಂಪನಿ ಹೊರಗಡೆ ಶೇರು ತಗೊಂಡರೆ ಬ್ಯಾಂಕ್ ಮೂಲಕ ಹೂಡಿಕೆಯ ವಿವರ ತುಂಬಿದ ಫಾರ್ಮ್ ಎಫ್‌ಸಿ ಕೊಟ್ಟು, ರಿಸರ್ವ್ ಬ್ಯಾಂಕಿನಿಂದ ಆ ಹೂಡಿಕೆಗೆ ಯುಐಎನ್ ಅಂತ ಒಂದು ಗುರುತಿನ ನಂಬರ್ ಪಡೆಯಬೇಕು. ಯಾವಾಗ? ದುಡ್ಡು ಕಳಿಸುವ ಮುಂಚೆ ಅಥವಾ ಶೇರು ಕೈಗೆ ಬರುವ ಮುಂಚೆ, ಎರಡರಲ್ಲಿ ಯಾವುದು ಮೊದಲೋ ಅದಕ್ಕೆ ಮುಂಚೆ. ಈ ‘ಯಾವುದು ಮೊದಲೋ ಅದು’ ನಮ್ಮನ್ನು ಹಿಡಿಯಿತು. ದುಡ್ಡು ಹೋಗಿಲ್ಲ, ತಪ್ಪೇನೂ ಆಗಿಲ್ಲ ಅಂತ ನಾವು ಆರಾಮಾಗಿದ್ದೆವು. ಆದರೆ ಅಲ್ಲಿ ಕಂಪನಿ ಹುಟ್ಟಿದ ದಿನವೇ ಶೇರು ನಮ್ಮ ಹೆಸರಿಗೆ ಬಂದಾಗಿತ್ತು. ಅಂದರೆ ನಾವು ಬ್ಯಾಂಕಿನ ಮೆಟ್ಟಿಲು ಹತ್ತುವ ಹೊತ್ತಿಗೇ ಲೇಟು.

ಇದನ್ನು ಬಿಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅಲ್ಲಿ ದಾಖಲೆ ತಿದ್ದಿಸಬೇಕು, ಇಲ್ಲಿ ಬೋರ್ಡ್ ರೆಸಲ್ಯೂಶನ್ ಹೊಸದಾಗಿ ಬರೆಯಬೇಕು, ಆಡಿಟರ್ ಸರ್ಟಿಫಿಕೇಟ್ ಬೇಕು. ಒಂದು ಸಲ ಸಹಿ ಮೇಲೆ ಸೀಲ್ ಬಿದ್ದು ಹೆಸರು ಕಾಣಲಿಲ್ಲ ಅಂತ ಇಡೀ ಕಂತೆ ವಾಪಸ್ ಬಂತು. ಲೇಟ್ ಫೀ ಎಂಟು ಸಾವಿರ ದಾಟಲಿಲ್ಲ, ಅದರ ಮೂಲ ಮೊತ್ತವೇ 7,500. ಆದರೆ ಆ ನಾಲ್ಕು ತಿಂಗಳು ಸಿಂಗಪುರದ ಖಾತೆಗೆ ಒಂದು ಪೈಸೆ ಹೋಗಲಿಲ್ಲ. ಗಿರಾಕಿಗೆ ಪ್ಯಾಕೆಟ್ ಬಾಯಿ ಮುಚ್ಚುವ ಒಂದು ಸೀಲಿಂಗ್ ಜಾ ಬೇಕಿತ್ತು, ಅದನ್ನು ಪೀಣ್ಯದಿಂದಲೇ ಕೊರಿಯರ್ ಮಾಡಿ ಹಳೇ ಥರ ಬಿಲ್ ಹಾಕಿದೆವು. ಕಂಪನಿ ಮಾಡಿದ್ದು ಯಾಕೆ ಹಾಗಾದರೆ?

ಪ್ಯಾಕೇಜಿನವರನ್ನು ಬೈಯಲು ಹೋದರೆ, ನಮ್ಮ ಸೇವೆ ಸಿಂಗಪುರ ಕಾನೂನಿಗೆ ಮಾತ್ರ ಅಂತ ಷರತ್ತಿನಲ್ಲಿ ಬರೆದಿದ್ದರು. ಓದದೆ ಟಿಕ್ ಮಾಡಿದ್ದು ನಾವೇ.

ಹೆದರಿಕೆಯಲ್ಲಿ ಓಡಿದ್ದು ಎಂ.ಜಿ. ರಸ್ತೆ ಕಡೆಯ ದೊಡ್ಡ ಲಾ ಫರ್ಮಿಗೆ. ಹನ್ನೊಂದನೇ ಮಹಡಿ, ಗಾಜಿನ ಕೋಣೆ, ಒಳ್ಳೆ ಕಾಫಿ. ಮಾತಾಡಿದ್ದು ಸೀನಿಯರ್, ಕೆಲಸ ಮಾಡಿದ್ದು ಜೂನಿಯರ್, ಬಿಲ್ ಇಬ್ಬರದ್ದೂ ಗಂಟೆ ಲೆಕ್ಕ. ಪೂರ್ತಿ ಕೆಲಸಕ್ಕೆ ಆರೂವರೆ ಲಕ್ಷ ಅಂದರು. ನಾವು ಬರೀ ಒಂದು ಅಭಿಪ್ರಾಯ ಪತ್ರ, ಒಂದು ಸರ್ವಿಸ್ ಅಗ್ರಿಮೆಂಟ್ ಸಾಕು ಅಂತ ಕೇಳಿಕೊಂಡೆವು. 38 ಪುಟದ ಪತ್ರ ಬಂತು. ನಮ್ಮ ತಪ್ಪು ಏನು ಅನ್ನುವುದು 9ನೇ ಪುಟದಲ್ಲಿ ಸರಿಯಾಗೇ ಇತ್ತು. 31ನೇ ಪುಟದಲ್ಲಿ ಒಂದು ಸಾಲು, ಸಿಂಗಪುರ ಕಾನೂನಿನ ಬಗ್ಗೆ ನಾವು ಅಭಿಪ್ರಾಯ ಕೊಡುವುದಿಲ್ಲ, ಅದಕ್ಕೆ ಅಲ್ಲಿನ ವಕೀಲರನ್ನು ಬೇರೆಯಾಗಿ ಕೇಳಿ. ನ್ಯಾಯವೇ. ಇಲ್ಲಿನ ವಕೀಲರು ಅಲ್ಲಿನ ಕಾನೂನಿಗೆ ಹೇಗೆ ಜವಾಬ್ದಾರಿ ತಗೋತಾರೆ? ಆದರೆ ಹಾಗಾದರೆ ಎರಡು ಫೀಸು, ಅಲ್ವಾ?

ಒಂದು ವಿಷಯದಲ್ಲಿ ಇವರಿಗೇ ಪೂರ್ತಿ ಅಂಕ. ಅಗ್ರಿಮೆಂಟ್‌ನಲ್ಲಿ ಜಗಳ ಬಂದರೆ ಸಿಂಗಪುರದ ಮಧ್ಯಸ್ಥಿಕೆ ಕೇಂದ್ರ ಎಸ್‌ಐಎಸಿಯಲ್ಲೇ ತೀರ್ಮಾನ ಅಂತ ಹಾಕಿಸಿದರು. ಅಲ್ಲಿನ ತೀರ್ಪನ್ನು ನಮ್ಮ 1996ರ ಮಧ್ಯಸ್ಥಿಕೆ ಕಾಯ್ದೆ ಕೆಳಗೆ ಇಲ್ಲೂ ಜಾರಿ ಮಾಡಿಸಬಹುದು. ಗಿರಾಕಿಯೂ ಮರುಮಾತಿಲ್ಲದೆ ಒಪ್ಪಿದರು. ಆ ಅಗ್ರಿಮೆಂಟನ್ನು ಇವತ್ತಿಗೂ ಹೆಸರು ಬದಲಿಸಿ ಬಳಸುತ್ತಿದ್ದೇವೆ.

ಮೇಡಂ ಸಿಕ್ಕಿದ್ದು ಒಂದು ಗೃಹಪ್ರವೇಶದ ಊಟದಲ್ಲಿ, ನಮ್ಮ ಆಡಿಟರ್ ಪಕ್ಕದ ಎಲೆ. ಕಂಪನಿ ಸೆಕ್ರೆಟರಿ. ಮಲ್ಲೇಶ್ವರದಲ್ಲಿ ಮನೆಯ ಮುಂದಿನ ಕೋಣೆಯೇ ಆಫೀಸು. ಫೈಲ್ ತಗೊಂಡು ಹೋದೆ. ಫೈಲ್ ತೆರೆಯಲೇ ಇಲ್ಲ, ಮೊದಲ ಪ್ರಶ್ನೆ, ‘ದುಡ್ಡು ಹೋಯ್ತಾ?’

‘ಇಲ್ಲ ಮೇಡಂ.’

‘ಕಾರ್ಡಲ್ಲಿ ಗೀರ್ಡಲ್ಲಿ ಏನಾದ್ರೂ ಕಟ್ಟಿದ್ರಾ?’

‘ಇಲ್ಲ.’

‘ಪುಣ್ಯ ಮಾಡಿದ್ರಿ, ಕೂತ್ಕೊಳಿ.’

ಆಮೇಲೆ ಯಾವ ಬ್ಯಾಂಕು, ಯಾವ ಬ್ರಾಂಚು ಅಂತ ಕೇಳಿದರು. ಒಂದು ಯುಐಎನ್‌ನ ವ್ಯವಹಾರ ಎಲ್ಲಾ ಒಂದೇ ಬ್ಯಾಂಕಿನ ಮೂಲಕ ಹೋಗಬೇಕಂತೆ, ಹಾಗಾಗಿ ಮೊದಲು ಅದನ್ನು ಗಟ್ಟಿ ಮಾಡಿಕೊಳ್ಳಿ ಅಂದರು. ಸಿಂಗಪುರದ ಮಾತು ಬಂದಿದ್ದೇ ಅರ್ಧ ಗಂಟೆ ಆದ ಮೇಲೆ. ಉಳಿದ ಇಬ್ಬರೂ ಶುರು ಮಾಡಿದ್ದು ಅಲ್ಲಿಂದ, ಇವರು ಶುರು ಮಾಡಿದ್ದು ಪೀಣ್ಯದಿಂದ. ನನಗೆ ಇಷ್ಟವಾಗಿದ್ದು ಅದೇ.

ಅಲ್ಲಿನ ಕೆಲಸಕ್ಕೆ ತಮಗೆ ಗೊತ್ತಿರುವ ಒಬ್ಬ ಸಣ್ಣ ಏಜೆಂಟರನ್ನು ಜೋಡಿಸಿದರು. ನಾಮಿನಿ ಡೈರೆಕ್ಟರ್ ಕೊಡುವವರು ನೋಂದಾಯಿತರು ಹೌದಾ ಅಂತ ನೋಡಿದರು. 2025ರ ಜೂನ್ 9ರಿಂದ ಅಲ್ಲಿ ಆ ನಿಯಮ ಬಿಗಿಯಾಗಿದೆ. ಪೀಣ್ಯದಿಂದ ಸಿಂಗಪುರಕ್ಕೆ ಪಾರ್ಟ್ಸ್ ಮಾರುವಾಗ ಎರಡೂ ನಮ್ಮದೇ ಕಂಪನಿ ಆಗಿರುವುದರಿಂದ, ಮೊತ್ತ ಎಷ್ಟೇ ಚಿಕ್ಕದಿದ್ದರೂ ಟ್ರಾನ್ಸ್‌ಫರ್ ಪ್ರೈಸಿಂಗ್ (ನಮ್ಮದೇ ಕಂಪನಿಗಳ ನಡುವಿನ ಬೆಲೆಯ) ವರದಿಗೆ ಸಿಎ ಸಹಿ ಬೇಕು ಅಂತ ಹೇಳಿದ್ದೂ ಇವರೇ. ಮೇಡಂ ಫೀಸು 85 ಸಾವಿರ, ಏಜೆಂಟರದ್ದು ಬೇರೆ. ಪ್ಯಾಕೇಜಿಗಿಂತ ಜಾಸ್ತಿಯೇ, ಆದರೆ ಎಷ್ಟು ಆಗುತ್ತದೆ ಅಂತ ಮೊದಲ ದಿನವೇ ಗೊತ್ತಿತ್ತು.

ಇವರಲ್ಲಿ ಕಿರಿಕಿರಿ ಇಲ್ಲ ಅಂತಲ್ಲ. ಸೆಪ್ಟೆಂಬರ್ ಬಂದರೆ ಎಲ್ಲಾ ಕಂಪನಿಗಳ ವಾರ್ಷಿಕ ಸಭೆ, ಫೋನ್ ಎತ್ತುವುದೇ ಇಲ್ಲ. ಒರಿಜಿನಲ್ ಕಾಗದ ಕೈಯಲ್ಲಿ ಹಿಡಿಯದೆ ಸಹಿ ಹಾಕುವುದಿಲ್ಲ, ಅಂದರೆ ಪೀಣ್ಯದಿಂದ ಮಲ್ಲೇಶ್ವರಕ್ಕೆ ಹೋಗಬೇಕು, ಅಲ್ಲಿ ಪಾರ್ಕಿಂಗ್ ಹುಡುಕಬೇಕು. ಇನ್ನು ಅಗ್ರಿಮೆಂಟ್ ಬರೆಯುವುದು ತಮ್ಮ ಕೆಲಸ ಅಲ್ಲ, ಅದಕ್ಕೆ ವಕೀಲರ ಹತ್ತಿರವೇ ಹೋಗಿ ಅಂತ ನೇರವಾಗಿ ಹೇಳಿಬಿಟ್ಟರು.

ಅಪೋಸ್ಟಿಲ್, ಅಂದರೆ ನಮ್ಮ ಕಾಗದ ಹೊರದೇಶದಲ್ಲೂ ನಡೆಯುವ ಹಾಗೆ ದೃಢೀಕರಿಸುವ ವಿಷಯದಲ್ಲಿ ಮೂವರೂ ಒಂದೇ. ಸಿಂಗಪುರ 2021ರ ಸೆಪ್ಟೆಂಬರ್ 16ರಿಂದ ಆ ಒಪ್ಪಂದದಲ್ಲಿದೆ, ಹಾಗಾಗಿ ಎಂಬಸಿ ಅಲೆದಾಟ ಇಲ್ಲ. ಕಂಪನಿ ಕಾಗದಕ್ಕೆ ವಾಣಿಜ್ಯ ಮಂಡಳಿ ಸೀಲು, ಆಮೇಲೆ ವಿದೇಶಾಂಗ ಇಲಾಖೆಯ ಸ್ಟಿಕ್ಕರ್. ಸ್ಟಿಕ್ಕರ್ ಅಂಟಿಸಿದ ಮೇಲೆ ಸ್ಟೇಪ್ಲರ್ ಪಿನ್ ಕೀಳಬೇಡಿ. ನಾನು ಸ್ಕ್ಯಾನ್ ಮಾಡಲು ಕಿತ್ತು ಮತ್ತೊಂದು ಸಲ ಮಾಡಿಸಿದೆ.

ಅಲ್ಲಿನ ಜಿಎಸ್‌ಟಿ 9 ಪರ್ಸೆಂಟ್, ಆದರೆ 10 ಲಕ್ಷ ಡಾಲರ್ ವಹಿವಾಟು ದಾಟುವವರೆಗೆ ನೋಂದಣಿ ಕಡ್ಡಾಯ ಅಲ್ಲ. ನಮಗೆ ಸದ್ಯಕ್ಕೆ ಆ ಚಿಂತೆ ಇಲ್ಲ.

ನಿಮಗೆ ಕೋರಮಂಗಲದ ಹೂಡಿಕೆದಾರರ ದುಡ್ಡು ಬಂದಿದ್ದರೆ, ಎರಡು ಮೂರು ದೇಶಕ್ಕೆ ಒಟ್ಟಿಗೆ ಹೋಗುತ್ತಿದ್ದರೆ, ದೊಡ್ಡ ಫರ್ಮೇ ಸರಿ, ಅವರ ಪತ್ರಕ್ಕೆ ತೂಕ ಇರುತ್ತದೆ. ಪ್ಯಾಕೇಜು ಬೇಕೇ ಬೇಕು ಅಂದರೆ ತಗೊಳ್ಳಿ, ಆದರೆ ನಿಮ್ಮ ಬ್ಯಾಂಕಿನಲ್ಲಿ ಫಾರ್ಮ್ ಎಫ್‌ಸಿ ಮಾತಾಡಿದ ಮೇಲೆ, ಆ ಪೇಯ್ಡ್ ಅಪ್ ಕ್ಯಾಪಿಟಲ್ ಡಬ್ಬಿಯಲ್ಲಿ ಏನು ತುಂಬಬೇಕು ಅಂತ ಕೇಳಿಕೊಂಡ ಮೇಲೆ. ನನಗೆ ಚಾಟ್ ಆಗಿಬರುವುದಿಲ್ಲ. ಎದುರು ಕೂತು ಕನ್ನಡದಲ್ಲಿ ಎರಡು ಸಲ ಕೇಳಿದರೆ ಮಾತ್ರ ತಲೆಗೆ ಹೋಗುತ್ತದೆ. ತಿಂಗಳ ಕೊನೆಗೆ ಸಂಬಳ ಕೊಟ್ಟು ಉಳಿದ ದುಡ್ಡಿನಲ್ಲಿ ಇದೆಲ್ಲಾ ಮಾಡಬೇಕು, ಗಂಟೆ ಲೆಕ್ಕದ ಬಿಲ್ ನೋಡಿದರೆ ನಿದ್ದೆ ಬರುವುದಿಲ್ಲ.

ಮೇಡಂ ಒಂದು ಹಾಳೆಯಲ್ಲಿ ಕೈಯಾರೆ ಬರೆದು ಕೊಟ್ಟಿದ್ದಾರೆ. ಜುಲೈ 15, ಎಫ್‌ಎಲ್‌ಎ ರಿಟರ್ನ್ (ಹೊರದೇಶದ ಆಸ್ತಿ, ಸಾಲದ ಲೆಕ್ಕ ರಿಸರ್ವ್ ಬ್ಯಾಂಕಿಗೆ). ಡಿಸೆಂಬರ್ 31, ಎಪಿಆರ್ (ಅಲ್ಲಿನ ಕಂಪನಿಯ ವಾರ್ಷಿಕ ವರದಿ). ಹಣ ಹೋದ ಆರು ತಿಂಗಳೊಳಗೆ ಶೇರು ಸರ್ಟಿಫಿಕೇಟು ಬ್ಯಾಂಕಿಗೆ. ತಮ್ಮ ಅದನ್ನು ಆರ್ಡರ್ ಬೋರ್ಡ್ ಪಕ್ಕ ಅಂಟಿಸಿದ್ದಾನೆ, ಮೇಲೆ ಆಗಲೇ ಗ್ರೀಸ್ ಬೆರಳಚ್ಚು ಬಿದ್ದಿದೆ. ಐದನೇ ಮಷಿನ್ ಹೋದ ತಿಂಗಳು ಹೋಯಿತು.